ಹತ್ತೊಂಬತ್ತು ಒಂದುಗಳ ಸರ

ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದವರು ಪ್ರತಿವರ್ಷ ಕೇಳುತ್ತಾರೆ. ನಾನೂ ಪ್ರತಿವರ್ಷ ಶೇಂಗಾ ಹೋಳಿಗೆಯ ಬಗ್ಗೆಯೋ, ತವರೂರಿನ ಜಾತ್ರೆಯ ಬಗ್ಗೆಯೋ ಎರಡು ಪುಟ ಬರೆದು ಕಳಿಸಿ ಸುಮ್ಮನಾಗುತ್ತೇನೆ. ಈ ಸಲ ಲೆಕ್ಕದ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿ, "ಹಾಲಿನ ಲೆಕ್ಕವೋ, ಕಿರಾಣಿ ಲೆಕ್ಕವೋ?" ಅಂದರು. ಅವರ ತಪ್ಪಿಲ್ಲ. ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯದ ಬಿ.ಎ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಬಂದದ್ದು ನೂರಕ್ಕೆ ನಲವತ್ತೊಂದು. ಆಮೇಲೆ ಆ ಪುಸ್ತಕವನ್ನು ಮುಟ್ಟಿದವಳಲ್ಲ.

ಆದರೆ ಮಕ್ಕಳೇ, ಈ ಸಲ ದೀಪಾವಳಿಗೆ ಮುಂಚೆ ಅಟ್ಟ ಸ್ವಚ್ಛ ಮಾಡುವಾಗ ಒಂದು ನೋಟ್‌ಬುಕ್ಕು ಸಿಕ್ಕಿತು. ಅದರ ಕಥೆಯನ್ನು ನಿಮಗೆ ಹೇಳದೆ ಬೇರೆ ಯಾರಿಗೆ ಹೇಳಲಿ? ನಿಮ್ಮಲ್ಲಿ ಬಹಳ ಜನ ವಾಳೂಜಿನಲ್ಲೇ ಹುಟ್ಟಿ ಬೆಳೆದವರು. ಶಾಲೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಅಜ್ಜಿ ಬಂದಾಗ ಮಾತ್ರ ಕನ್ನಡ. ನನ್ನ ಮಗನೂ ಹಾಗೆಯೇ ಬೆಳೆದವನು.

2009ರ ಬೇಸಿಗೆ. ನಾವಾಗ ಬಜಾಜ್‌ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಔರಂಗಾಬಾದ್ ಎಂಬ ಹೆಸರು ಇನ್ನೂ ಬದಲಾಗಿರಲಿಲ್ಲ. ಇಲ್ಲಿಯವರು ಭಾರನಿಯಮನ ಅನ್ನುತ್ತಿದ್ದ ಲೋಡ್‌ಶೆಡ್ಡಿಂಗ್ ದಿನಾ ಇರುತ್ತಿತ್ತು. ಮನೆಯವರಿಗೆ ಎರಡನೇ ಪಾಳಿ. ಮಗ ಒಂಬತ್ತನೇ ತರಗತಿ ಮುಗಿಸಿದ್ದ. ಹತ್ತನೆಯದಕ್ಕೆ ರಜೆಯಲ್ಲೇ ಕೋಚಿಂಗ್ ಕ್ಲಾಸಿಗೆ ಹಾಕಿದ್ದೆವು, ಫೀ ಮೂರು ಕಂತಿನಲ್ಲಿ. ಆ ಸಂಜೆ ಕರೆಂಟು ಹೋಗಿತ್ತು. ಮೇಣದಬತ್ತಿಯ ಮುಂದೆ ತಲೆ ಬಗ್ಗಿಸಿ ಬರೆಯುತ್ತಿದ್ದವನನ್ನು ನೋಡಿ, ಅಬ್ಬಾ, ಕ್ಲಾಸಿನ ಅಭ್ಯಾಸ ಮಾಡುತ್ತಿದ್ದಾನೆ ಎಂದು ನನಗೆ ಸಮಾಧಾನವಾಗಿತ್ತು. ಅಷ್ಟರಲ್ಲಿ ಅವನೇ ಕರೆದ.

"ಅವ್ವಾ, ಇಲ್ಲಿ ನೋಡು. ಹತ್ತೊಂಬತ್ತು ಒಂದು ಬರದೀನಿ. ಇದು ಯಾವುದರಿಂದಲೂ ಭಾಗ ಹೋಗವಲ್ದು."

ಹೋಗಿ ನೋಡಿದರೆ ಪುಟದ ತುಂಬ ಒಂದು, ಒಂದು, ಒಂದು. ಅದರ ಕೆಳಗೆ ಉದ್ದುದ್ದ ಭಾಗಾಕಾರ. ಹಿಂದಿನ ಪುಟವೂ ಅದೇ, ಅದರ ಹಿಂದಿನದೂ ಅದೇ. ವಾರದಿಂದ ಅವನು ಮಾಡುತ್ತಿದ್ದುದು ಇದನ್ನೇ.

"ಹೋಗದಿದ್ದರ ಬಿಡು. ಇದರಿಂದ ಮಾರ್ಕ್ಸ್ ಬರ್ತಾವೇನು? ನಿಮ್ಮಪ್ಪ ನಿದ್ದಿಗೆಟ್ಟು ದುಡದು ಫೀ ಕಟ್ಟ್ಯಾರ, ನೀ ಒಂದರ ಮುಂದ ಒಂದು ಬರಕೋತ ಕೂತೀಯಲ್ಲೋ!" ಎಂದು ನೋಟ್‌ಬುಕ್ಕು ಕಸಿದುಕೊಂಡೆ. ಪೆನ್ಸಿಲ್ಲು ಕಾಗದದ ಮೇಲಿತ್ತು; ಕಸಿದ ರಭಸಕ್ಕೆ ಒಂದು ಗೀರು ಪುಟದ ಅಂಚಿನವರೆಗೂ ಎಳೆದುಕೊಂಡು ಹೋಯಿತು. ಮರುದಿನ ಅವನು ಕೇಳಿದ. ರದ್ದಿಗೆ ಕೊಟ್ಟೆ ಎಂದೆ. ಕೊಟ್ಟಿರಲಿಲ್ಲ. ಅರ್ಧ ಪುಟಗಳು ಖಾಲಿ ಇದ್ದವು, ಯಾವುದಕ್ಕಾದರೂ ಬರುತ್ತದೆ ಎಂದು ಟ್ರಂಕಿನಲ್ಲಿ ಹಾಕಿ ಮರೆತುಬಿಟ್ಟಿದ್ದೆ.

ಅವನು ಹಟ ಮಾಡಲಿಲ್ಲ, ಅಳಲಿಲ್ಲ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದವು. ಇಂಜಿನಿಯರಿಂಗ್ ಆಯಿತು, ಈಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಆದರೆ ಆ ಸಂಜೆಯ ನಂತರ ಅವನು ಯಾವ ಲೆಕ್ಕವನ್ನೂ ನನಗೆ ತೋರಿಸಲು ತರಲಿಲ್ಲ. ಅದು ನನಗೆ ಆಗ ತಿಳಿಯಲೂ ಇಲ್ಲ. ಅಟ್ಟದಿಂದ ನೋಟ್‌ಬುಕ್ಕು ಇಳಿದಾಗ ತಿಳಿಯಿತು.

ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ಹೇಳುತ್ತೇನೆ. ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ("ನನ್ನ ಹೆಸರು ಹಾಕಬ್ಯಾಡ್ರಿ ಕಾಕು" ಎಂದಿದ್ದಾಳೆ, ಹಾಕುವುದಿಲ್ಲ.) ಅವಳನ್ನು ಕರೆದು ಚಹಾ ಕೊಟ್ಟು, ಇದೇನು ತಿಳಿಸಮ್ಮಾ ಎಂದು ನಾಲ್ಕು ಭಾನುವಾರ ಕೂರಿಸಿಕೊಂಡೆ. ಮುಂದೆ ಬರೆದದ್ದರಲ್ಲಿ ಸರಿಯಾದದ್ದೆಲ್ಲ ಅವಳದು, ತಪ್ಪಿದ್ದರೆ ನನ್ನದು.

ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಕನ್ನಡದಲ್ಲಿ ಅವಿಭಾಜ್ಯ ಸಂಖ್ಯೆ ಅನ್ನುತ್ತೇವೆ. ನಿಮ್ಮ ಮರಾಠಿ ಪುಸ್ತಕದಲ್ಲಿ ಅದು 'ಮೂಳ ಸಂಖ್ಯಾ', ಇಂಗ್ಲಿಷ್ ಕ್ಲಾಸಿನಲ್ಲಿ ಪ್ರೈಮ್. 2, 3, 5, 7, 11, 13 ಹೀಗೆ. ಹನ್ನೊಂದರಲ್ಲಿ ಎರಡು ಒಂದುಗಳಿವೆ. ಹಾಗಾದರೆ ಬರೀ ಒಂದುಗಳನ್ನೇ ಪೋಣಿಸುತ್ತ ಹೋದರೆ ಇನ್ನು ಯಾವ್ಯಾವುದು ಅವಿಭಾಜ್ಯ? ನನ್ನ ಮಗನ ಪ್ರಶ್ನೆ ಇಷ್ಟೇ. ಮೂರು ಒಂದು, 111. ಅದು 3 ಮತ್ತು 37ರ ಗುಣಲಬ್ಧ. ನಾಲ್ಕು ಒಂದು, 11 ಮತ್ತು 101ರದು. ಐದು ಒಂದು, 41 ಮತ್ತು 271ರದು. (ನನ್ನ ನಲವತ್ತೊಂದು ಇಲ್ಲಿ ಬಂದು ಕೂತಿದೆ ನೋಡಿ!) ಏಳು ಒಂದು, 239 ಮತ್ತು 4649ರದು.

ಒಂದುಗಳ ಎಣಿಕೆ ಒಡೆಯುವಂಥದ್ದಾದರೆ ಸರವೂ ಒಡೆಯುತ್ತದೆ ಎಂದು ಅವನು ತಾನೇ ಕಂಡುಕೊಂಡಿದ್ದ. ಇದು ಹೂ ಕಟ್ಟಿದವರಿಗೆ ಸುಲಭವಾಗಿ ತಿಳಿಯುತ್ತದೆ. ಆರು ಒಂದುಗಳನ್ನು ಮೂರು ಮೂರರ ಎರಡು ಗೊಂಚಲು ಮಾಡಿ: 111, 111. ಅಂದರೆ 111ನ್ನು 1001ರಿಂದ ಗುಣಿಸಿದಂತೆ. ಆದ್ದರಿಂದ 4, 6, 8, 9, 10 ಇವನ್ನೆಲ್ಲ ನೋಡುವ ಅಗತ್ಯವೇ ಇಲ್ಲ. ಎಣಿಕೆ ತಾನೇ ಅವಿಭಾಜ್ಯವಾಗಿದ್ದರೆ ಮಾತ್ರ ಆಸೆ. ಆದರೆ 3, 5, 7 ಸೋತವು. 11 ಒಂದುಗಳು 21649 ಮತ್ತು 513239 ಆಗಿ ಒಡೆಯುತ್ತವೆ. 13 ಒಂದುಗಳನ್ನು 53 ಒಡೆಯುತ್ತದೆ, 79 ಕೂಡ. 17 ಒಂದುಗಳು ಒಡೆಯುತ್ತವೆ, ಆದರೆ 20 ಲಕ್ಷ ದಾಟಿದ ಮೇಲೆ, 2071723ಕ್ಕೆ. ಅಲ್ಲಿಯವರೆಗೆ ಹುಡುಗ ಹೋಗಿರಲಿಲ್ಲ. ಹದಿನೇಳರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹತ್ತೊಂಬತ್ತಕ್ಕೆ ದಾಟಿದ್ದ.

1111111111111111111. ಇದನ್ನು 3ರಿಂದ ಹಿಡಿದು, 5ನ್ನು ಬಿಟ್ಟು, ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೋಗಿದ್ದ. 89ರವರೆಗೆ 22 ಭಾಗಾಕಾರ ಪೂರ್ಣವಾಗಿವೆ. 3, 7, 11, 13, 19, 37 ಈ ಆರರಲ್ಲಿ ಮಾತ್ರ ಶೇಷ ಒಂದೇ ಬಂದಿದೆ. ಆ ಒಂದುಗಳ ಸುತ್ತ ಕೆಂಪು ಪೆನ್ನಿನ ಸೊನ್ನೆ. ಯಾಕೆ ಎಂದು ಪಕ್ಕದಲ್ಲಿ ಬರೆದಿದ್ದಾನೆ, ಮರಾಠಿಯಲ್ಲಿ. ಉತ್ತರ ನಾನು ಹುಡುಕಿದೆ, ಆ ಹುಡುಗಿಯ ಸಹಾಯವಿಲ್ಲದೆ, ಹಾಗಾಗಿ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. 18 ಒಂದುಗಳ ಸರವನ್ನು ಆ ಆರೂ ಸಂಖ್ಯೆಗಳು ನಿಶ್ಶೇಷವಾಗಿ ಭಾಗಿಸುತ್ತವೆ. ಇನ್ನೊಂದು ಒಂದನ್ನು ತುದಿಗೆ ಪೋಣಿಸಿದ ಕೂಡಲೇ ಆರಕ್ಕೂ ಆ ಒಂದೇ ಒಂದು ಉಳಿದುಬಿಡುತ್ತದೆ!

23ನೆಯ ಭಾಗಾಕಾರ 97ರದು. ಹನ್ನೊಂದನೆಯ ಒಂದನ್ನು ಇಳಿಸಿಕೊಂಡಿದ್ದಾನೆ. ಶೇಷ 22 ಎಂದು ಬರೆದಿದ್ದಾನೆ. ಆಮೇಲೆ ಆ ಗೀರು.

ಇನ್ನು ನಿಮಗೆ ಆಶ್ಚರ್ಯವಾಗುವ ವಿಷಯಕ್ಕೆ ಬರುತ್ತೇನೆ. ಒಂದುಗಳನ್ನು ಹೀಗೆ ಪೋಣಿಸಿ ನೋಡುವ ಚಟ ನನ್ನ ಮಗನದೊಂದೇ ಅಲ್ಲ. ನಾವಿರುವ ಈ ನೆಲಕ್ಕೇ ಅದು ಹಳೆಯದು.

ನನ್ನ ತವರು ಕಲಬುರಗಿ ಜಿಲ್ಲೆಯ ಸೇಡಂ ಕಡೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಕಾಗಿಣಾ ನದಿಯ ದಂಡೆಗೆ ಮಳಖೇಡ ಎಂಬ ಊರಿದೆ. ಈಗ ಹೋದರೆ ಹಳೆಯ ಕೋಟೆಯ ಗೋಡೆಗಳು, ಆಚೆ ಸಿಮೆಂಟ್ ಕಾರ್ಖಾನೆ. ಒಂಬತ್ತನೆಯ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ನೀವೆಲ್ಲ ಶಾಲೆಯ ಟ್ರಿಪ್ಪಿನಲ್ಲಿ ವೇರೂಳಕ್ಕೆ ಹೋಗಿದ್ದೀರಿ, ಅದೇ ಎಲ್ಲೋರಾಕ್ಕೆ. ಅಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಅವನ ಮರಿಮಗ ಅಮೋಘವರ್ಷ ನೃಪತುಂಗ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಸಾರಿದ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಗೋದಾವರಿ ನಮ್ಮ ಗಂಗಾಪುರ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. ಹಾಗಾಗಿ ನಾವು ಎಲ್ಲಿಂದಲೋ ಬಂದು ಇಲ್ಲಿ ಬಿದ್ದವರು ಎಂಬ ಸಂಕೋಚ ನಿಮಗಂತೂ ಬೇಡ. ಇರಲಿ, ವಿಷಯ ಅದಲ್ಲ.

ಅಮೋಘವರ್ಷನ ಕಾಲದಲ್ಲೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ 'ಗಣಿತಸಾರಸಂಗ್ರಹ' ಎಂಬ ಪುಸ್ತಕ ಬರೆದ. ಭಾಷೆ ಸಂಸ್ಕೃತ, ಆರಂಭದಲ್ಲೇ ಅಮೋಘವರ್ಷನ ಸ್ತುತಿ ಇದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅದನ್ನು ಅಚ್ಚು ಹಾಕಿಸಿದರು. ಗುಣಾಕಾರದ ಭಾಗದಲ್ಲಿ ಆತ ಕೊಡುವ ಲೆಕ್ಕಗಳ ಉತ್ತರಗಳೇ ಸರಗಳು. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಮಾಡಿ ನೋಡಿ. 12345679ನ್ನು 9ರಿಂದ ಗುಣಿಸಿ: ಒಂಬತ್ತು ಒಂದುಗಳು. 152207ನ್ನು 73ರಿಂದ ಗುಣಿಸಿ: ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿ: 1000000001, ಎರಡು ತುದಿಗೆ ಎರಡು ಹರಳು, ನಡುವೆ ಸೊನ್ನೆಯ ಮಣಿಗಳು. ಇಂಥವನ್ನು ಆತ ರಾಜನ ಕೊರಳಿಗೆ ತಕ್ಕ ಆಭರಣವೆಂದೇ ಕರೆಯುತ್ತಾನೆ. ಇನ್ನೊಂದು, 27994681ನ್ನು 441ರಿಂದ ಗುಣಿಸುವುದು. ಉತ್ತರ 12345654321. ಆರರವರೆಗೆ ಏರಿ ಒಂದಕ್ಕೆ ಇಳಿಯುವ ಹಾರ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿದರೂ ಇದೇ ಬರುತ್ತದೆ.

ನಾನು ಹುಟ್ಟಿದ ಊರಿನ ಆಸುಪಾಸಿನಲ್ಲಿ ಹನ್ನೊಂದೂವರೆ ಶತಮಾನಗಳ ಹಿಂದೆ ಒಬ್ಬರು ಒಂದುಗಳ ಸರ ಮಾಡಿ ರಾಜನಿಗೆ ಒಪ್ಪುವಂಥದ್ದು ಎಂದರು. ನನ್ನ ಮನೆಯಲ್ಲಿ ಒಬ್ಬ ಮಾಡಿದರೆ ನಾನು ರದ್ದಿ ಎಂದೆ.

ಆ 12345654321 ಮತ್ತೆ ಬಂದದ್ದು ಎಲ್ಲಿ ಗೊತ್ತೇ? ಇಲ್ಲೇ, ನಾಸಿಕದ ಹತ್ತಿರ ದೇವಳಾಲಿಯಲ್ಲಿ. 2015ರ ಕುಂಭಮೇಳಕ್ಕೆ ನಾಸಿಕಕ್ಕೆ ಹೋದಾಗ ನಾವು ಇಳಿದುಕೊಂಡದ್ದು ದೇವಳಾಲಿಯ ಪರಿಚಯದವರ ಮನೆಯಲ್ಲಿ. ಮಿಲಿಟರಿಯವರ ಊರು, ಮರಗಳಿವೆ, ಗಾಳಿ ಚೆನ್ನಾಗಿದೆ ಎಂದಷ್ಟೇ ನೋಡಿ ಬಂದೆ. ಆ ಊರಿನ ಶಾಲೆಯಲ್ಲಿ 1930ರಿಂದ 1962ರವರೆಗೆ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ಮೇಷ್ಟ್ರು ಪಾಠ ಹೇಳಿದ್ದರೆಂದು ಆಗ ನನಗೆ ಗೊತ್ತಿರಲಿಲ್ಲ.

1905ರಲ್ಲಿ ಡಹಾಣುವಿನಲ್ಲಿ ಹುಟ್ಟಿದವರು. ಎಂಟು ವರ್ಷಕ್ಕೇ ತಾಯಿ ತೀರಿಹೋದರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷ್ಯದ ಹುಚ್ಚು. ಸಂಖ್ಯೆಗಳ ರುಚಿ ಹತ್ತಿದ್ದು ಅಲ್ಲಿಂದ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ 1927ರಲ್ಲಿ ರ್‍ಯಾಂಗ್ಲರ್ ಪರಾಂಜಪೆಯವರ ಹೆಸರಿನ ಗಣಿತ ಬಹುಮಾನ ಪಡೆದರು. 1929ರಲ್ಲಿ ಬಿ.ಎಸ್ಸಿ. ಅಷ್ಟೇ. ಎಂ.ಎಸ್ಸಿ. ಇಲ್ಲ, ಡಾಕ್ಟರೇಟ್ ಇಲ್ಲ. ಶಾಲೆಯ ಸಂಬಳದಲ್ಲಿ ಸಂಸಾರ, ಉಳಿದ ವೇಳೆಯಲ್ಲಿ ಸಂಖ್ಯೆ. ಸಣ್ಣ ಸಣ್ಣ ಪುಸ್ತಿಕೆಗಳನ್ನು ಬಹುಪಾಲು ತಾವೇ ಅಚ್ಚು ಹಾಕಿಸುತ್ತಿದ್ದರು. ನಮ್ಮ ದೇಶದ ದೊಡ್ಡ ದೊಡ್ಡ ಗಣಿತಜ್ಞರು, ಇದೆಲ್ಲ ಮಕ್ಕಳಾಟ ಎಂದು ಬಹಳ ವರ್ಷ ಕಣ್ಣೆತ್ತಿ ನೋಡಲಿಲ್ಲ. 1966ರಲ್ಲಿ ಹೆಂಡತಿ ತೀರಿಕೊಂಡ ಮೇಲೆ ಪಿಂಚಣಿ ಸಾಲದೆ ಮನೆಪಾಠ ಹೇಳಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತಿಗೆ ಅವರ ಹೆಸರು ತಿಳಿಯಿತು. ಆಗ ಅವರಿಗೆ ಎಪ್ಪತ್ತು ವರ್ಷ.

ಕಾಪ್ರೇಕರರ 6174 ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನಾಲ್ಕು ಅಂಕಿಯ ಯಾವ ಸಂಖ್ಯೆಯನ್ನಾದರೂ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಏರಿಕೆಯಲ್ಲಿ ಬರೆದದ್ದನ್ನು ಅದರಿಂದ ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ನಾನು 2009ನ್ನು ಹಾಕಿ ನೋಡಿದೆ. 9200ರಿಂದ 0029 ಕಳೆದರೆ 9171. 9711ರಿಂದ 1179 ಕಳೆದರೆ 8532. 8532ರಿಂದ 2358 ಕಳೆದರೆ 6174. ಅಲ್ಲಿಂದ ಮುಂದೆ ಅದು ಅಲ್ಲಾಡುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗೆ ಅಲ್ಲಿಗೇ ಬರುತ್ತೀರಿ.

ಆದರೆ ನನಗೆ ಹೆಚ್ಚು ಇಷ್ಟವಾದದ್ದು ಅವರ ಇನ್ನೆರಡು. ಒಂದು, ಡೆಮ್ಲೊ ಸಂಖ್ಯೆಗಳು. ಮುಂಬಯಿಯ ಕಡೆಯ ರೈಲು ದಾರಿಯಲ್ಲಿ ಡೆಮ್ಲೊ ಎಂಬ ನಿಲ್ದಾಣದಲ್ಲಿ ಹೊಳೆದದ್ದಕ್ಕೆ ಆ ಹೆಸರು. ಈಗ ಅದು ಡೊಂಬಿವಲಿ. 1, 121, 12321, 1234321 ಹೀಗೆ ಏರಿ ಇಳಿಯುವ ಹಾರಗಳು ಆ ಬಳಗದವು, ಒಂದೊಂದೂ ಒಂದುಗಳ ಸರದ ವರ್ಗ. ಆರನೆಯದೇ ಮಳಖೇಡದ 12345654321. ಒಂಬತ್ತು ಒಂದುಗಳವರೆಗೆ ಹಾರ ಚೆಂದವಾಗಿ ಬರುತ್ತದೆ. ಹತ್ತಕ್ಕೆ ಕೈಯಲ್ಲಿ ಹಿಡಿದ ಸಂಖ್ಯೆ ಮುಂದಿನ ಮನೆಗೆ ದಾಟಿ ಹಾರ ಮುರಿಯುತ್ತದೆ.

ಇನ್ನೊಂದಕ್ಕೆ ಅವರ ಊರಿನದೇ ಹೆಸರಿದೆ, ದೇವಳಾಲಿ ಸಂಖ್ಯೆ. ಒಂದು ಸಂಖ್ಯೆಗೆ ಅದರ ಅಂಕಿಗಳನ್ನು ಕೂಡಿಸಿ. 21ಕ್ಕೆ 2 ಮತ್ತು 1 ಕೂಡಿದರೆ 24, 24ಕ್ಕೆ 2 ಮತ್ತು 4 ಕೂಡಿದರೆ 30, 30ರಿಂದ 33. ಅಂದರೆ 24ಕ್ಕೆ 21 ಜನಕ, 30ಕ್ಕೆ 24 ಜನಕ. ಆದರೆ ಕೆಲವಕ್ಕೆ ಜನಕನೇ ಇಲ್ಲ: 20, 31, 42, 53, 64, 75, 86, 97. ಯಾವ ಸಂಖ್ಯೆಯಿಂದ ಹೊರಟರೂ ಅಲ್ಲಿಗೆ ಬರಲಾಗದು. ಅವು ಸ್ವಯಂಭೂ. ಅವುಗಳಲ್ಲಿ 31, 53, 97 ಅವಿಭಾಜ್ಯಗಳೂ ಹೌದು. ನನ್ನ ಮಗನ ಪೆನ್ಸಿಲ್ಲು ನಿಂತದ್ದು ಈ 97ರ ಮೇಲೆ. ಇದರಲ್ಲೇನೂ ಸಂಕೇತವಿಲ್ಲ, ನಾನೇ ಆ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದೆ, ಅಷ್ಟೇ. ಆದರೂ ಪಟ್ಟಿಯಲ್ಲಿ ಅದನ್ನು ಕಂಡಾಗ ಸ್ವಲ್ಪ ಹೊತ್ತು ಪುಟ ತಿರುವಲಾಗಲಿಲ್ಲ.

ಸರಿ, ಹತ್ತೊಂಬತ್ತು ಒಂದುಗಳು ಕೊನೆಗೆ ಒಡೆಯುತ್ತವೆಯೋ ಇಲ್ಲವೋ?

ಒಡೆಯುವುದಿಲ್ಲ. ಹುಡುಗ ಹೇಳಿದ್ದೇ ನಿಜ. ಆದರೆ ಅವನ ದಾರಿಯಲ್ಲಿ ಹೋಗಿದ್ದರೆ ಅದು ಎಂದಿಗೂ ತೀರ್ಮಾನವಾಗುತ್ತಿರಲಿಲ್ಲ. ಒಂದು ಸಂಖ್ಯೆ ಎರಡು ಭಾಗವಾಗಿ ಒಡೆದರೆ ಚಿಕ್ಕ ಭಾಗ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರುವುದಿಲ್ಲ. ಹಾಗಾಗಿ ವರ್ಗಮೂಲದವರೆಗೆ ಪರೀಕ್ಷಿಸಿದರೆ ಸಾಕು. ಆದರೆ ಈ ಸರದ ವರ್ಗಮೂಲವೇ 105 ಕೋಟಿಗೂ ಮಿಗಿಲು!

ಇಲ್ಲಿ ನಮ್ಮ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು. 17ನೆಯ ಶತಮಾನದ ಫ್ರಾನ್ಸಿನ ಫರ್ಮಾ ಕಂಡ ನಿಯಮದಿಂದ ಬಂದದ್ದು. 1ನ್ನು 41ರಿಂದ ಭಾಗಿಸಿ ನೋಡಿ: 0.02439 02439 02439, ಐದೈದು ಅಂಕಿಯ ಗುಂಪು ಮತ್ತೆ ಮತ್ತೆ ಬರುತ್ತದೆ. ಐದು ಒಂದುಗಳನ್ನು 41 ಭಾಗಿಸುವುದಕ್ಕೂ ಈ ಐದಕ್ಕೂ ಸಂಬಂಧವಿದೆ. ಹೀಗೆ ಮರಳಿ ಬರುವ ಗುಂಪಿನ ಉದ್ದ, ಆ ಅವಿಭಾಜ್ಯ ಸಂಖ್ಯೆಯಲ್ಲಿ ಒಂದು ಕಳೆದರೆ ಬರುವುದನ್ನು ಯಾವಾಗಲೂ ಭಾಗಿಸುತ್ತದೆ. 41ರಲ್ಲಿ ಒಂದು ಕಳೆದರೆ 40, ಅದು ಐದೆಂಟಲೆ ನಲವತ್ತು. 239ರಲ್ಲಿ ಒಂದು ಕಳೆದರೆ 238, ಏಳು ಮೂವತ್ತನಾಲ್ಕಲೆ. 53ರಲ್ಲಿ ಒಂದು ಕಳೆದರೆ 52, ಹದಿಮೂರು ನಾಲ್ಕಲೆ. ಇದಕ್ಕೆ ಮೂರು ಒಂದುಗಳನ್ನು ಭಾಗಿಸುವ 3 ಮಾತ್ರ ಅಪವಾದ. ಹಾಗಾದರೆ 19 ಒಂದುಗಳ ಸರವನ್ನು ಒಡೆಯಬಲ್ಲ ಸಂಖ್ಯೆ ಯಾವುದಾದರೂ ಇದ್ದರೆ, ಒಂದು ಕಳೆದಾಗ ಅದು 19ರ ಮಗ್ಗಿಯಲ್ಲಿರಬೇಕು. ಬೆಸವೂ ಆಗಬೇಕಾದ್ದರಿಂದ 38ರ ಮಗ್ಗಿಯಲ್ಲಿ. ಅಂಥ ಮೊದಲನೆಯ ಅವಿಭಾಜ್ಯ 191. ಆಮೇಲೆ 229, 419, 457, 571, 647.

ಅಂದರೆ ನನ್ನ ಮಗ ವಾರಗಟ್ಟಲೆ ಮೇಣದಬತ್ತಿ ಸುಟ್ಟು ಮಾಡಿದ ಆ 22 ಭಾಗಾಕಾರಗಳಲ್ಲಿ ಒಂದೂ ಬೇಕಿರಲಿಲ್ಲ. 191ಕ್ಕಿಂತ ಚಿಕ್ಕದು ಯಾವುದೂ ಅದನ್ನು ಮುಟ್ಟಲು ಸಾಧ್ಯವೇ ಇರಲಿಲ್ಲ. ಇದು ತಿಳಿದಾಗ, ನೋಡು, ನಾನು ಕಸಿದುಕೊಂಡದ್ದು ಒಳ್ಳೆಯದೇ ಆಯಿತು ಎಂದು ಒಂದು ಕ್ಷಣ ಮನಸ್ಸಿಗೆ ಹಾಯೆನಿಸಿತು. ಆಮೇಲೆ ಆ ಕೆಂಪು ಸೊನ್ನೆಗಳು ಕಣ್ಣಿಗೆ ಬಿದ್ದವು. ಆ ಆರು ಶೇಷಗಳಲ್ಲಿ ಏನೋ ಇದೆ ಎಂದು ಅವನಿಗೆ ವಾಸನೆ ಹತ್ತಿತ್ತು. ಗುಂಪಿನ ಉದ್ದವೆಂಬ ಈ ವಿಷಯದ ಬಾಗಿಲೇ ಅದು. ಇನ್ನೊಂದು ವಾರ ಬಿಟ್ಟಿದ್ದರೆ ತಾನೇ ತಟ್ಟುತ್ತಿದ್ದನೋ ಏನೋ.

ಈ ಉಪಾಯವಿದ್ದರೂ ಕೆಲಸ ಕಡಿಮೆಯಿಲ್ಲ. 105 ಕೋಟಿಯೊಳಗೆ 38ರ ಮಗ್ಗಿಗೆ ಒಂದು ಸೇರಿಸಿದ ಸಂಖ್ಯೆಗಳು ಸುಮಾರು 2 ಕೋಟಿ 77 ಲಕ್ಷ. ಅವಿಭಾಜ್ಯ ಯಾವುದು ಎಂದು ಆರಿಸದೆ, ನಿಮಿಷಕ್ಕೆ ಒಂದರಂತೆ, ಊಟ ನಿದ್ದೆ ಬಿಟ್ಟು ಭಾಗಿಸಿದರೂ 52 ವರ್ಷ ದಾಟುತ್ತದೆ. ಹೆಚ್ಚುಕಡಿಮೆ ನನ್ನ ಇಷ್ಟು ದಿನದ ಆಯುಸ್ಸು. ಎಲ್ಲವನ್ನೂ ಭಾಗಿಸದೆಯೇ ನಿಶ್ಚಯಿಸುವ ಬೇರೆ ಉಪಾಯಗಳನ್ನು ಗಣಿತಜ್ಞರು ಕಂಡುಕೊಂಡಿದ್ದರು. ಹಾಗೆ, ಕಂಪ್ಯೂಟರಿನ ಹೆಸರೂ ಇಲ್ಲದ ಕಾಲದಲ್ಲಿ, ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಆಸ್ಕರ್ ಹೋಪ್ಪೆ ಎಂಬುವರು ಈ ಸರ ಅವಿಭಾಜ್ಯವೆಂದು ಸಾಧಿಸಿದರು. ಕಾಪ್ರೇಕರ್ ಆಗ ಇನ್ನೂ ಶಾಲೆಯ ಹುಡುಗ. ಅವರು ಬಿ.ಎಸ್ಸಿ. ಮುಗಿಸಿದ 1929ರಲ್ಲಿ 23 ಒಂದುಗಳ ಸರವೂ ಅವಿಭಾಜ್ಯವೆಂದು ತಿಳಿಯಿತು. ಅಲ್ಲಿಂದ ಮುಂದೆ ದೊಡ್ಡ ಬಯಲು. ಮುಂದಿನದು 317 ಒಂದುಗಳದು, ಅದು ತೀರ್ಮಾನವಾದದ್ದು 1970ರ ದಶಕದ ಕೊನೆಗೆ. ಆಮೇಲಿನದು 1031, ಅದು ಸಿದ್ಧವಾದದ್ದು ಕಾಪ್ರೇಕರ್ ತೀರಿಕೊಂಡ 1986ರ ಹೊತ್ತಿಗೆ. ಆಮೇಲೆ 49081 ಒಂದುಗಳದು, 2022ರಲ್ಲಿ. ಇಂಥವು ಮುಗಿಯುತ್ತವೆಯೋ, ಮುಗಿಯದೆ ಬರುತ್ತಲೇ ಇರುತ್ತವೆಯೋ, ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಮೂರನೇ ತರಗತಿಯ ಮಗು ಕೇಳಬಹುದಾದ ಪ್ರಶ್ನೆ ಇದು, ನೋಡಿ!

ದೊಡ್ಡ ಅವಿಭಾಜ್ಯ ಅಂದರೆ ಇದಕ್ಕಿಂತಲೂ ದೊಡ್ಡವು ಇವೆ. 2024ರ ಅಕ್ಟೋಬರಿನಲ್ಲಿ ಪ್ರಕಟವಾದದ್ದರಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಎಂದು ನೇರವಾಗಿ ಪರೀಕ್ಷಿಸುವ, ಹೊತ್ತು ಮಿತಿಯೊಳಗಿರುವ ದಾರಿಯನ್ನು 2002ರಲ್ಲಿ ತೋರಿಸಿದ್ದು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಆ ಇಬ್ಬರೂ ಬಿ.ಟೆಕ್. ಮುಗಿಸಿ ಬಂದ ಹುಡುಗರು, ನಿಮ್ಮ ಓರಗೆಯವರು. ಆದರೆ ನನ್ನ ಮನಸ್ಸು ಈ ಹತ್ತೊಂಬತ್ತಕ್ಕೇ ಅಂಟಿಕೊಂಡಿದೆ. ಅದಕ್ಕೆ ಇನ್ನೊಂದು ಗುಣವಿದೆ. ಒಂದನ್ನು ಅದರಿಂದ ಭಾಗಿಸಿದರೆ ಹದಿನೆಂಟು ಸೊನ್ನೆ ಒಂದು ಒಂಬತ್ತು, ಮತ್ತೆ ಹದಿನೆಂಟು ಸೊನ್ನೆ ಒಂದು ಒಂಬತ್ತು, ಹೀಗೆ ಹತ್ತೊಂಬತ್ತು ಅಂಕಿಯ ಗುಂಪು ಬರುತ್ತದೆ. ಹತ್ತೊಂಬತ್ತರ ಗುಂಪು ಕೊಡುವ ಅವಿಭಾಜ್ಯ ಸಂಖ್ಯೆ ಅದೊಂದೇ. ಎಷ್ಟೇ ದೂರ ಹೋಗಿ ಹುಡುಕಿದರೂ ಇನ್ನೊಂದು ಸಿಗುವುದಿಲ್ಲ.

ದೀಪಾವಳಿಯ ಹಿಂದಿನ ವಾರ ಒಂದು ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡೆ. ಗೀರಿನ ಪಕ್ಕದಲ್ಲಿ, 22ರಿಂದ, ಉಳಿದ ಎಂಟು ಒಂದುಗಳನ್ನು ಒಂದೊಂದಾಗಿ ಇಳಿಸಿದೆ. 221, ಎರಡು ಸಲ, ಶೇಷ 27. 271, ಎರಡು ಸಲ, ಶೇಷ 77. ಆಮೇಲೆ 92, 48, 93, 58, 96. ಕೊನೆಯ ಒಂದನ್ನು ಇಳಿಸಿದಾಗ 961. ಒಂಬತ್ತು ಸಲ ಹೋಗಿ 88 ಉಳಿಯಿತು. ಎರಡು ಸಲ ತಪ್ಪಿ ಅಳಿಸಿದ್ದೇನೆ, ಕಾಗದ ತೆಳ್ಳಗಾಗಿದೆ.

ರಾತ್ರಿ ಮಗನಿಗೆ ಫೋನ್ ಮಾಡಿದೆ. ಚಕ್ಕಲಿ, ಚಿವಡಾ, ಬಸ್ಸಿನ ಟಿಕೆಟ್ಟು ಎಲ್ಲ ಮಾತಾದ ಮೇಲೆ ಹೇಳಿದೆ.

"ನಿನ್ನ ಒಂದರ ನೋಟ್‌ಬುಕ್ ಸಿಕ್ಕದ."

ಸುಮ್ಮನಿದ್ದ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

"ರದ್ದಿಗೆ ಕೊಟ್ಟೆ ಅಂದಿದ್ದಿ."

"ಸುಳ್ಳು ಹೇಳಿದ್ದೆ."

ಮತ್ತೆ ಸುಮ್ಮನಾದ. ಸಿಟ್ಟಿಗೆದ್ದನೇ, ನಕ್ಕನೇ ಎಂದು ತಿಳಿಯಲು ಮುಖ ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದ, "97ಕ್ಕ ಶೇಷ ಎಷ್ಟು ಬಂತು?"

ಹದಿನಾರು ವರ್ಷದ ನಂತರವೂ ಅವನಿಗೆ 97 ನೆನಪಿತ್ತು. "ಎಂಬತ್ತೆಂಟು" ಎಂದೆ. ಆಮೇಲೆ ಫರ್ಮಾನ ಉಪಾಯವನ್ನು ನನಗೆ ತಿಳಿದಂತೆ ಹೇಳಿದೆ. ನಾನು ಅರ್ಧ ಹೇಳುವಷ್ಟರಲ್ಲಿ ಅವನೇ, "ಅಂದ್ರ 191ರಿಂದ ಸುರು ಮಾಡಬೇಕಿತ್ತು" ಅಂದ.

ಹಬ್ಬಕ್ಕೆ ಬಂದವನು ಅಭ್ಯಂಜನವಾಗಿ, ಫರಾಳ ತಿನ್ನುತ್ತ, ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಕೂತ. ಮೊಬೈಲು ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ನನ್ನ ಭಾಗಾಕಾರದ ಕೆಳಗೆ 191 ಎಂದು ಬರೆದು ಹತ್ತೊಂಬತ್ತು ಒಂದುಗಳನ್ನೂ ಇಳಿಸಿದ. ಶೇಷ 84. ಚಕ್ಕಲಿಯ ಎಣ್ಣೆಗೈ ಪುಟಕ್ಕೆ ತಾಗಿದೆ. ಆಮೇಲೆ ಪುಟ ತಿರುವಿ, ಮೇಲೆ 229 ಎಂದು ಬರೆದು, ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿ ಪುಣೆಯ ಬಸ್ಸಿಗೆ ಹೊರಟ.

ಅದನ್ನಿನ್ನೂ ಮಾಡಿಲ್ಲ. ಈ ಲೇಖನ ಬರೆದು ಮುಗಿಸಿ ಸಂಘದವರಿಗೆ ಕಳಿಸಿ ಕೂರುತ್ತೇನೆ.